ತುಂಗೆ ಏರಬೇಕು, ಭದ್ರೆ ಇಳಿಯಬೇಕು

ಬೆಳಿಗ್ಗೆ ಪತ್ರಿಕೆ ಬಂದರೆ ನಾನು ಮೊದಲು ಹುಡುಕುವುದು ಜಲಾಶಯಗಳ ನೀರಿನ ಮಟ್ಟ. ಲಿಂಗನಮಕ್ಕಿ 1819 ಅಡಿ, ಭದ್ರಾ 186 ಅಡಿ, ತುಂಗಾ 588.24 ಮೀಟರ್. ಈ ಗರಿಷ್ಠ ಮಟ್ಟಗಳು ಶಿವಮೊಗ್ಗದ ಎಷ್ಟೋ ಜನಕ್ಕೆ ಬಾಯಿಪಾಠ. ನನಗೆ ಗದ್ದೆಯಿಲ್ಲ, ತೋಟವಿಲ್ಲ. ಆದರೂ ಪಕ್ಕದಲ್ಲಿ ಅಚ್ಚಾದ ಇಂದಿನ ಮಟ್ಟ ನೋಡಿದ ಮೇಲೆಯೇ ಭಾನುವಾರ ಕ್ಯಾಮೆರಾ ಹಿಡಿದು ಎತ್ತ ಹೋಗಬೇಕು ಅನ್ನುವುದು ತೀರ್ಮಾನವಾಗುತ್ತದೆ.

ತುಂಗೆ, ಭದ್ರೆ ಇಬ್ಬರೂ ಹುಟ್ಟುವುದು ಗಂಗಾಮೂಲದಲ್ಲಿ. ಸೇರುವುದು ನಮ್ಮೂರ ಹತ್ತಿರದ ಕೂಡ್ಲಿಯಲ್ಲಿ. ಆದರೆ ಹಕ್ಕಿಗಳ ಲೆಕ್ಕದಲ್ಲಿ ಒಬ್ಬಳದು ಒಂದು ದಿಕ್ಕು, ಇನ್ನೊಬ್ಬಳದು ಇನ್ನೊಂದು. ತುಂಗೆ ಏರಿದಾಗ ಮಂಡಗದ್ದೆಯಲ್ಲಿ ಗೂಡು. ಭದ್ರೆ ಇಳಿದಾಗ ಲಕ್ಕವಳ್ಳಿಯಲ್ಲಿರುವ ಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮೊಟ್ಟೆ. ಇದು ತಲೆಗೆ ಹೋದಮೇಲೆ ನನ್ನ ತಿರುಗಾಟದ ರೀತಿಯೇ ಬದಲಾಯಿತು.

ಗಾಜನೂರಿನ ತುಂಗಾ ಜಲಾಶಯ ಸಣ್ಣದು. ಹಿಡಿಯುವುದು 3.24 ಟಿಎಂಸಿ ನೀರು ಅಷ್ಟೇ. ಶೃಂಗೇರಿ, ಆಗುಂಬೆ ಕಡೆ ಮಳೆ ಜೋರಾಗಿ ಹಿಡಿದರೆ ಬೇಗ ತುಂಬಿಬಿಡುತ್ತದೆ. ಮಳೆ ಚೆನ್ನಾಗಿರುವ ವರ್ಷ ಜೂನ್‌ನಲ್ಲೇ ಗೇಟ್ ತೆಗೆಯುತ್ತಾರೆ. ಆಮೇಲೆ ತೀರ್ಥಹಳ್ಳಿ ರಸ್ತೆ ಹಿಡಿದು, ಸಕ್ರೆಬೈಲು ದಾಟಿ, ಶಿವಮೊಗ್ಗದಿಂದ ಸುಮಾರು 30 ಕಿಲೋಮೀಟರ್ ದೂರದ ಮಂಡಗದ್ದೆಗೆ ಹೋದರೆ ಹೊಳೆಯ ನಡುವಿನ ಪುಟ್ಟ ಕುದ್ರು ಬೇರೆಯೇ ಆಗಿರುತ್ತದೆ. ಮರಗಳ ಬುಡವೆಲ್ಲ ಕೆಂಪು ನೀರಿನೊಳಗೆ. ಮೇಲೆ ಕಾಣುವುದು ಹಸಿರು ನೆತ್ತಿ ಮಾತ್ರ. ಆ ನೆತ್ತಿಯ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ. ಸುತ್ತ ಹೊಳೆ ಭೋರ್ಗರೆಯುತ್ತಿದ್ದರೆ ಕಾಡುಬೆಕ್ಕು ಗೂಡಿನ ಹತ್ತಿರ ಬರುವುದಾದರೂ ಹೇಗೆ? ನಮಗೆ ಹೆದರಿಕೆ ಹುಟ್ಟಿಸುವ ನೆರೆಯೇ ಅವಕ್ಕೆ ಕಾವಲು. ಅದೂ ಒಂದು ಮಿತಿಯವರೆಗೆ. ಹೊಳೆ ವಿಪರೀತ ಏರಿದರೆ ಕೆಳಗಿನ ಕೊಂಬೆಯ ಗೂಡುಗಳು ಕೊಚ್ಚಿಕೊಂಡು ಹೋಗುತ್ತವೆ.

ಪುನರ್ವಸು ಮಳೆಯಲ್ಲಿ ಅಲ್ಲಿ ಫೋಟೋ ತೆಗೆಯುವುದು ಸುಲಭವಲ್ಲ. ಬೆಳಕು ಕಡಿಮೆ, ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, 3200ಕ್ಕೆ ಏರಿಸದೆ ಗತಿಯಿಲ್ಲ. ಕಪ್ಪುಹಸಿರು ಎಲೆಗಳ ಮುಂದೆ ಬೆಳ್ಳಕ್ಕಿ ಕೂತಿದ್ದರೆ ಕ್ಯಾಮೆರಾ ಎಲೆಗಳ ಕತ್ತಲೆಯನ್ನು ಅಳೆದು ಬೆಳಕು ಜಾಸ್ತಿ ಒಳಗೆ ಬಿಡುತ್ತದೆ. ಹಕ್ಕಿಯ ಗರಿಗಳೆಲ್ಲ ಕರಗಿ ಬರೀ ಬಿಳಿ ಮಚ್ಚೆಯಾಗುತ್ತದೆ. ಅದಕ್ಕೆ ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಿಯೇ ಶುರು ಮಾಡುತ್ತೇನೆ. ಆಗ ಗೂಡು ಕಟ್ಟುವ ಕಾಲದಲ್ಲಿ ಅದರ ಬೆನ್ನ ಮೇಲೆ ಮೂಡುವ ನೂಲಿನಂಥ ಗರಿಗಳು ಒಂದೊಂದಾಗಿ ಕಾಣುತ್ತವೆ. ಹಾವಕ್ಕಿಯ ಮರಿ ತಾಯಿಯ ಗಂಟಲೊಳಗೆ ತಲೆ ತೂರಿಸಿ ಮೀನು ತೆಗೆದುಕೊಳ್ಳುವ ಚಿತ್ರ ನನಗೆ ಸಿಕ್ಕಿದ್ದು ಅಲ್ಲೇ, ಸುರಿಯುವ ಮಳೆಯಲ್ಲೇ. ಮಳೆಯ ಗೆರೆಗಳೂ ಚಿತ್ರದಲ್ಲಿವೆ. ಅವನ್ನು ಅಳಿಸಬೇಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಮಲೆನಾಡಿನ ಮಳೆಗಾಲ ಲೆನ್ಸಿಗೂ ಕಷ್ಟಕಾಲ. ಒಳಗೆ ಬೂಸ್ಟು ಹಿಡಿದರೆ ರಿಪೇರಿ ದುಬಾರಿ. ಮನೆಗೆ ಬಂದ ತಕ್ಷಣ ಒರೆಸಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ತಪ್ಪಿಸುವ ಹಾಗಿಲ್ಲ.

ಚಳಿಗಾಲ ಹಕ್ಕಿಗಿಂತ ಜಾಗಗಳ ಕಾಲ. ಕವಲೇದುರ್ಗದ ಕಲ್ಲುದಾರಿಯ ಮೇಲೆ ಮಂಜು, ಕೊಯ್ಲು ಮುಗಿದ ಗದ್ದೆಗಳಲ್ಲಿ ಹುಲ್ಲಿನ ಬಣವೆ, ಕೂಡ್ಲಿಯಲ್ಲಿ ಬೆಳಗಿನ ಓರೆ ಬಿಸಿಲು. ಫೆಬ್ರುವರಿ ಬಂತೆಂದರೆ ಭದ್ರಾ ಕಾಡಿನ ತೇಗ ಎಲೆ ಉದುರಿಸಿ ನಿಂತಿರುತ್ತದೆ, ನಡುನಡುವೆ ಮುತ್ತುಗ ಕೆಂಪಗೆ ಹೊತ್ತಿಕೊಂಡಿರುತ್ತದೆ. ಆ ಹೊತ್ತಿಗೆ ನನ್ನ ಕಣ್ಣು ಪತ್ರಿಕೆಯ ಭದ್ರಾ ಸಾಲಿನ ಮೇಲೇ ಇರುತ್ತದೆ.

ಕಳೆದ ಏಪ್ರಿಲ್‌ನ ಒಂದು ಭಾನುವಾರ ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಕಾಲೇಜು ಓದುವ ಹುಡುಗಿ. ಕ್ಯಾಮೆರಾ ಬೇಡ, ದುರ್ಬೀನು ಸಾಕು ಅನ್ನುತ್ತಾಳೆ. ಕತ್ತಲಿರುವಾಗಲೇ ಹೊರಟು, ಭದ್ರಾವತಿ ಹಾದು, ಅಣೆಕಟ್ಟಿನ ಪಕ್ಕದ ಊರು ಬಿ.ಆರ್. ಪ್ರಾಜೆಕ್ಟ್ ಮೇಲೆ ಲಕ್ಕವಳ್ಳಿ ತಲುಪಿ, ಮೊದಲ ದೋಣಿ ಸಫಾರಿ ಹತ್ತಿದೆವು. 71.5 ಟಿಎಂಸಿ ಹಿಡಿಯುವ ಭದ್ರೆ ಆಗ ಸಾಕಷ್ಟು ಇಳಿದಿದ್ದಳು. ಮಳೆಗಾಲದಲ್ಲಿ ನೀರಿನಡಿ ಇದ್ದ ಗುಡ್ಡದ ನೆತ್ತಿಗಳು ಬರೀ ಕಲ್ಲುಮಣ್ಣಿನ ದ್ವೀಪಗಳಾಗಿ ಎದ್ದಿದ್ದವು. ದಡದಲ್ಲಿ ನೀರು ಸರಿದ ಜಾಗದಲ್ಲೆಲ್ಲ ಎಳೆ ಹುಲ್ಲು. ದೂರದಲ್ಲಿ ಕಾಟಿಗಳ ಹಿಂಡೊಂದು ತಲೆ ತಗ್ಗಿಸಿ ಮೇಯುತ್ತಿತ್ತು.

ದ್ವೀಪಗಳ ತುಂಬ ನದಿ ರೀವ, ಅಂದರೆ ರಿವರ್ ಟರ್ನ್. ಹಳದಿ ಕೊಕ್ಕು, ಕೆಂಪು ಕಾಲು, ಕರೀ ಟೋಪಿ, ಕವಲೊಡೆದ ಬಾಲ. ಮರ ಬೇಡ, ಕಡ್ಡಿ ಬೇಡ, ಬರೀ ನೆಲದ ಮೇಲೆ ಸಣ್ಣ ಗುಣಿ ಮಾಡಿ ಎರಡೋ ಮೂರೋ ಮೊಟ್ಟೆ ಇಡುತ್ತದೆ. ನರಿ, ನಾಯಿ ಈಜಿ ಬರಲಾಗದ ದ್ವೀಪವೇ ಬೇಕು ಅದಕ್ಕೆ. ಅಂಥ ಜಾಗ ನಮ್ಮ ನದಿಗಳಲ್ಲಿ ಕಡಿಮೆಯಾಗುತ್ತ ಬಂದಿದೆ. ಜಗತ್ತಿನ ಕೆಂಪು ಪಟ್ಟಿಯಲ್ಲಿ ಈಗ ಇದು ಅಪಾಯದ ಅಂಚಿನ ಹಕ್ಕಿಗಳ ಸಾಲಿಗೆ ಸೇರಿದೆ. ಅಂಥದ್ದು ಇಲ್ಲಿ ಪ್ರತಿ ಬೇಸಿಗೆ ದೊಡ್ಡ ಸಂಖ್ಯೆಯಲ್ಲಿ ಸೇರುತ್ತದೆ ಅನ್ನುವುದು ನಮ್ಮ ಜಿಲ್ಲೆಗಳ ಭಾಗ್ಯ.

ದೋಣಿಯವರು ದ್ವೀಪಕ್ಕೆ ಸಾಕಷ್ಟು ದೂರದಲ್ಲೇ ಎಂಜಿನ್ ನಿಲ್ಲಿಸಿದರು. ಮುಂದಿನ ಸೀಟಿನವರೊಬ್ಬರು ಇನ್ನೂ ಸ್ವಲ್ಪ ಹತ್ತಿರ ಹೋಗೋಣ ಅಂದರು.

"ಬೇಡ ಸಾರ್. ಒಂದು ಎದ್ರೆ ಎಲ್ಲವೂ ಏಳ್ತವೆ. ಮೊಟ್ಟೆ ಬಿಸಿಲಿಗೆ ಬೀಳ್ತವೆ, ಹದ್ದು ಬೇರೆ ಕಾಯ್ತಾ ಇದೆ."

ಈ ಮಾತು ಕೇಳಿ ನನಗೆ ತುಂಬ ಸಮಾಧಾನವಾಯಿತು. ಹತ್ತಿರದ ಚಿತ್ರ ಬೇಕಾದರೆ ಉದ್ದ ಲೆನ್ಸ್ ತರಬೇಕು, ಅದಿಲ್ಲದಿದ್ದರೆ ಹಕ್ಕಿಯ ಸುತ್ತಲಿನ ನೀರು, ಕಲ್ಲು, ಬೆಟ್ಟ ಸೇರಿಸಿ ತೆಗೆಯಬೇಕು. ನಿಜ ಹೇಳಬೇಕೆಂದರೆ ಎರಡನೆಯದೇ ನನಗೆ ಹೆಚ್ಚು ಇಷ್ಟ. ಹಕ್ಕಿ ಎಲ್ಲಿ ಬದುಕುತ್ತಿದೆ ಅನ್ನುವುದು ಅದರಲ್ಲಿ ಇರುತ್ತದೆ.

ದೋಣಿಯ ಅಂಚಿಗೆ ಲೆನ್ಸ್ ಆನಿಸುವ ಪುಟ್ಟ ಚೀಲ, ಬೀನ್ ಬ್ಯಾಗ್, ಇಟ್ಟು, ಆದಷ್ಟು ಬಗ್ಗಿ ಕೂತೆ. ಲೆನ್ಸ್ ನೀರಿಗೆ ಹತ್ತಿರವಿದ್ದಷ್ಟೂ ಹಕ್ಕಿಯ ಕಣ್ಣಿಗೆ ನೇರ. ರೀವದ ಕಣ್ಣು ಕಪ್ಪು, ಟೋಪಿಯೂ ಕಪ್ಪು. ಸೂರ್ಯ ನಮ್ಮ ಬೆನ್ನಿಗಿದ್ದು ಆ ಕಣ್ಣಲ್ಲೊಂದು ಚುಕ್ಕೆ ಬೆಳಕು ಬೀಳದಿದ್ದರೆ ಮುಖದಲ್ಲಿ ಜೀವವೇ ಇರುವುದಿಲ್ಲ. ನೀರಿಗೆ ಧುಮುಕುವಾಗ ಹಿಡಿಯಲು ಶಟರ್ ವೇಗ ಸೆಕೆಂಡಿನ 2500ನೇ ಒಂದು ಭಾಗಕ್ಕಾದರೂ ಇರಬೇಕು. ಬಿಸಿಲೇರಿದಂತೆ ಕಲ್ಲಿನಿಂದ ಏಳುವ ಝಳ ಎಲ್ಲವನ್ನೂ ನಡುಗಿಸುತ್ತದೆ. ಎಷ್ಟು ದೊಡ್ಡ ಲೆನ್ಸ್ ಇದ್ದರೂ ಆಮೇಲೆ ಚಿತ್ರ ಚುರುಕಾಗುವುದಿಲ್ಲ. ಹಾಗಾಗಿ ಬೆಳಗಿನ ಮೊದಲ ದೋಣಿಯೇ ಆಗಬೇಕು.

ಗಂಡೊಂದು ಮೀನು ಕಚ್ಚಿಕೊಂಡು ಬಂದು ಹೆಣ್ಣಿನ ಮುಂದೆ ಇಳಿಯಿತು. ಕತ್ತು ಎತ್ತಿ, ರೆಕ್ಕೆ ಸ್ವಲ್ಪ ಇಳಿಬಿಟ್ಟು, ಅದರ ಸುತ್ತ ಠೀವಿಯಿಂದ ನಡೆಯಿತು. ನಾನು ಅದರಲ್ಲೇ ಮುಳುಗಿದ್ದೆ. ಅಷ್ಟರಲ್ಲಿ ಹುಡುಗಿ ನನ್ನ ತೋಳು ಹಿಡಿದಳು.

"ಮಾಮ, ಎಡಗಡೆ ನೋಡು. ಅದು ಸ್ನಾನ ಮಾಡ್ತಿಲ್ಲ. ಬರೀ ಹೊಟ್ಟೆ ಒದ್ದೆ ಮಾಡ್ಕೊಂಡು ಹೋಗ್ತಿದೆ."

ನೋಡಿದೆ. ಒಂದು ಹಕ್ಕಿ ನೀರಿಗೆ ಹೊಟ್ಟೆ ತಾಗಿಸುತ್ತ ಹಾರಿ, ಮತ್ತೆ ತಾಗಿಸಿ, ನೇರ ಗುಣಿಯ ಹತ್ತಿರ ಬಂದಿಳಿಯಿತು. ಗರಿ ಕೆದರಿಕೊಂಡು ಮೊಟ್ಟೆಗಳ ಮೇಲೆ ಕೂತಿತು. ಕೂರುವಾಗ ಹನಿಗಳು ಉದುರಿದವು. ನೆರಳಿಲ್ಲದ ಬಂಡೆಯ ಮೇಲೆ ಏಪ್ರಿಲ್ ಬಿಸಿಲಿಗೆ ಮೊಟ್ಟೆ ಬೇಯದಿರಲು ಅದು ಹೀಗೆ ಮೈಯಲ್ಲಿ ನೀರು ಹೊತ್ತು ತರುತ್ತದೆ. ಓದಿ ಗೊತ್ತಿತ್ತು, ಕಣ್ಣಾರೆ ಕಂಡಿರಲಿಲ್ಲ. ಗಂಟಲು ಕಟ್ಟಿದ ಹಾಗಾಯಿತು. ಹುಡುಗಿ ದುರ್ಬೀನು ಇಳಿಸಲೇ ಇಲ್ಲ. ಅದು ಮತ್ತೆ ನೀರಿಗೆ ಹೋದಾಗ ಕಾದಿದ್ದು, ಹೊಟ್ಟೆ ನೀರು ತಾಗುವ ಕ್ಷಣ ತೆಗೆದೆ. ಕೆಳಗೆ ತಿಳಿ ನೀರಿನಲ್ಲಿ ಅದರದೇ ನೆರಳು, ಹಿಂದೆ ಮಸುಕಾದ ಬೆಟ್ಟಸಾಲು.

ಈ ದ್ವೀಪಗಳು ತಾವಾಗಿ ಏಳುವುದಿಲ್ಲ. ಬೇಸಿಗೆ ಬೆಳೆಗೆ ಯಾವಾಗ ನೀರು ಬಿಡಬೇಕು, ಎಷ್ಟು ದಿನ ಅಂತ ಕಾಡಾ, ಅಂದರೆ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ, ಸಭೆಯಲ್ಲಿ ಚರ್ಚೆಯಾಗುತ್ತದೆ. ಬಲದಂಡೆ ನಾಲೆಯಲ್ಲಿ ದಾವಣಗೆರೆ ಕಡೆಗೆ, ಎಡದಂಡೆಯಲ್ಲಿ ಭದ್ರಾವತಿ, ಶಿವಮೊಗ್ಗದ ಕಡೆಗೆ ನೀರು ಹರಿದಂತೆ ಇಲ್ಲಿ ನೆಲ ಕಾಣುತ್ತದೆ. ಭತ್ತ ತೆನೆ ಕಟ್ಟುವುದೂ ಇಲ್ಲಿ ಮರಿ ಒಡೆಯುವುದೂ ಒಂದೇ ನೀರಿನ ಲೆಕ್ಕ. ಮಳೆ ಬಂದು ಹಿನ್ನೀರು ಮತ್ತೆ ಏರುವುದರೊಳಗೆ ಮರಿಗಳು ಹಾರಬೇಕು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಹಾಗೆ ಬೇಗ ಬಂದ ವರ್ಷ ತಡವಾಗಿ ಇಟ್ಟ ಮೊಟ್ಟೆಗಳ ಗತಿ ಏನು ಅಂತ ಯೋಚಿಸಿದರೆ ಹೊಟ್ಟೆ ಹಿಂಡುತ್ತದೆ. ಭದ್ರೆಯ ನೀರಿನ ಮಾತು ಬಂದಾಗ ಊರು, ಬೆಳೆ, ಕಾರ್ಖಾನೆಗಳ ಜೊತೆಗೆ ಈ ಹಕ್ಕಿಗಳ ಹೆಸರೂ ಬರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ವಾಪಸ್ ಬರುವಾಗ ಚಾನಲ್ ಪಕ್ಕ ನಿಂತೆವು. ನೀರು ತುಂಬಿ ಹರಿಯುತ್ತಿತ್ತು. ಬೈಕ್ ತೊಳೆಯುತ್ತಿದ್ದ ಹಿರಿಯರೊಬ್ಬರು ಲೆನ್ಸ್ ನೋಡಿ, "ಏನು ತೆಗೆದ್ರಿ?" ಅಂತ ಕೇಳಿದರು. ಹುಡುಗಿಯೇ ಮುಂದೆ ಹೋಗಿ ಕ್ಯಾಮೆರಾದ ಪರದೆಯಲ್ಲಿ ತೋರಿಸಿದಳು. ನೀರು ಇಳಿದು ದ್ವೀಪ ಎದ್ದಿದ್ದು, ಹೊಟ್ಟೆ ಒದ್ದೆ ಮಾಡಿಕೊಂಡು ಮೊಟ್ಟೆ ತಂಪು ಮಾಡುವುದು, ಎಲ್ಲ ಹೇಳಿದಳು.

ಅವರು ಕೈ ಒರೆಸಿಕೊಂಡು ಚಿತ್ರವನ್ನು ತುಂಬ ಹೊತ್ತು ನೋಡಿದರು. "ಹಂಗಾರೆ ನಮ್ಮ ಗದ್ದೆಗೆ ಬಿಟ್ಟ ನೀರಿಂದಾನೇ ಇದಕ್ಕೆ ಜಾಗ ಸಿಕ್ಕಿದ್ದು ಅನ್ನಿ!"

"ಹೌದು ಅಜ್ಜ," ಅಂದಳು.

"ನನ್ನ ಮೊಮ್ಮಕ್ಕಳಿಗೆ ತೋರಿಸ್ಬೇಕು. ವಾಟ್ಸಾಪಿಗೆ ಹಾಕ್ತೀರಾ?" ಅಂತ ನಂಬರ್ ಹೇಳಿದರು. ಶಾಲೆಗೆ ರಜೆ ಇದೆ, ಮುಂದಿನ ವಾರ ಮಕ್ಕಳನ್ನೇ ಕರೆದುಕೊಂಡು ದೋಣಿ ಹತ್ತಿಸುತ್ತೇನೆ ಅಂದರು. ಬೆಳಿಗ್ಗೆ ಬೇಗ ಹೋಗಿ, ಟಿಕೆಟ್‌ಗೆ ಮೊದಲೇ ವಿಚಾರಿಸಿ ಅಂತ ಹೇಳಿ ನಾವು ಭದ್ರಾವತಿ ಕಡೆ ಹೊರಟೆವು.