ಕೇರಂ ಆಡಲು ಎಲ್ಲಿಗೆ ಹೋಗಬೇಕು?

ದಾವಣಗೆರೆಗೆ ಓದಲೋ ಕೆಲಸಕ್ಕೋ ಹೊಸದಾಗಿ ಬಂದ ಹುಡುಗರು, ನಾನು ಕೇರಂ ಆಡುವವನೆಂದು ಗೊತ್ತಾದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: "ಸರ್, ಸಂಜೆ ಆಡಲಿಕ್ಕೆ ಬಡಾವಣೆಯ ಯುವಕ ಸಂಘಕ್ಕೆ ಹೋಗಲೋ, ಟೂರ್ನಿ ಆಡುವವರ ಕೊಠಡಿಗೆ ಹೋಗಲೋ?" ಆಟ ಕಲಿಯುವ ಆಸೆಯಿದ್ದರೆ ಮೊದಲ ಆರು ತಿಂಗಳು ಟೂರ್ನಿ ಆಡುವವರ ನಡುವೆಯೇ ಇದ್ದು ಸೋಲಿರಿ ಎನ್ನುವುದು ನನ್ನ ಉತ್ತರ.

ಕೈಗೆ ಹತ್ತಿದ ಅಭ್ಯಾಸವನ್ನು ಬಿಡಿಸುವುದು ಬಹಳ ಕಷ್ಟ. ಸಂಘದಲ್ಲಿ ಕಪ್ಪಿಗೆ 10, ಬಿಳಿಗೆ 20, ರೆಡ್‌ಗೆ 50 ಎಂದು ಎಣಿಸುತ್ತಾ ಸಿಕ್ಕ ಕಾಯಿಯನ್ನೆಲ್ಲ ಹೊಡೆಯುತ್ತೇವೆ. ಟೂರ್ನಿಯಲ್ಲಿ ಒಬ್ಬೊಬ್ಬರಿಗೆ ಒಂದೇ ಬಣ್ಣದ 9 ಕಾಯಿಗಳು; ಬೋರ್ಡ್, ಅಂದರೆ ಒಂದು ಸುತ್ತು, ಗೆದ್ದವನಿಗೆ ಎದುರಾಳಿಯ ಉಳಿದ ಕಾಯಿಗೆ ಒಂದೊಂದು ಅಂಕ, ರೆಡ್‌ಗೆ 3 ಅಂಕ; 25 ಅಂಕಕ್ಕೆ ಅಥವಾ 8 ಬೋರ್ಡಿಗೆ ಆಟ ಮುಗಿಯುತ್ತದೆ. ಹಾಗಾಗಿ ಎದುರಾಳಿಯ ದಾರಿಗೆ ತನ್ನ ಕಾಯಿಯನ್ನು ಅಡ್ಡ ನಿಲ್ಲಿಸುವುದೂ ಅಲ್ಲಿ ಒಂದು ವಿದ್ಯೆ. ಹತ್ತು ವರ್ಷ ಸಂಘದಲ್ಲಿ ಆಡಿ ಮೊದಲ ಟೂರ್ನಿಗೆ ಕೂತಾಗ, ಕೈ ಹಲಗೆಯ ಮೂಲೆಯತ್ತ ಎಳೆದ ಬಾಣದ ಗೆರೆ ದಾಟಿತೆಂದು ಮೊದಲ ಬೋರ್ಡಿನಲ್ಲೇ ನನಗೆ ಎರಡು ಫೌಲ್ ಬಿದ್ದವು. ಅಲ್ಲಿಯವರೆಗೆ ಆ ಗೆರೆಯನ್ನು ಅಲಂಕಾರವೆಂದೇ ತಿಳಿದಿದ್ದೆ.

ಇನ್ನು ಹಲಗೆ. 15 ಗ್ರಾಂ ತೂಕದ ಸ್ಟ್ರೈಕರನ್ನು ಬಲವಾಗಿ ಹೊಡೆದರೆ ಅದು ಅಂಚಿನಿಂದ ಅಂಚಿಗೆ ಮೂರೂವರೆ ಸಲವಾದರೂ ಓಡಾಡಬೇಕೆಂಬುದು ನಿಯಮ. ನಮ್ಮೂರಿನಲ್ಲಿ ಸಂಜೆಯೆಂದರೆ ಮಂಡಕ್ಕಿ, ಮಿರ್ಚಿ. ಅದನ್ನು ತಿಂದ ಬೆರಳು ಹಲಗೆಗೆ ತಾಗಿದರೆ ಎಣ್ಣೆ ಬಿದ್ದಲ್ಲೆಲ್ಲ ಬೋರಿಕ್ ಪುಡಿ ಗಂಟುಕಟ್ಟಿ, ಮೆಲ್ಲಗೆ ತಳ್ಳಿದ ಕಾಯಿ ಪಾಕೆಟ್ಟಿಗೆ ಎರಡು ಬೆರಳು ದೂರದಲ್ಲಿ ನಿಂತುಬಿಡುತ್ತದೆ. ಅಂಥ ಹಲಗೆಯ ಮೇಲೆ ಕಲಿತವರಿಗೆ ಜೋರಾಗಿ ಹೊಡೆಯುವುದೊಂದೇ ಬರುತ್ತದೆ, ನಯವಾದ ಹಲಗೆಯಲ್ಲಿ ಅವರ ಕಾಯಿ ಅಂಚಿಗೆ ಬಡಿದು ಹಿಂದಕ್ಕೆ ಬರುತ್ತದೆ.

ದಿನವಿಡೀ ದುಡಿದು ಬಂದು ನಾಲ್ಕು ಜನರೊಡನೆ ನಗಬೇಕೆನ್ನುವವರಿಗೆ ಸಂಘವೇ ಸರಿ. ನಾನೂ ಭಾನುವಾರ ಅಲ್ಲಿಗೇ ಹೋಗುತ್ತೇನೆ. ಎರಡರಲ್ಲಿ ಎಲ್ಲೇ ಆಗಲಿ, ದುಡ್ಡು ಕಟ್ಟಿ ಆಡುವುದು ಕಂಡರೆ ಮಾತ್ರ ಎದ್ದು ಬನ್ನಿ.

ಟೂರ್ನಿಯವರ ಕೊಠಡಿಗಳೂ ಎಲ್ಲವೂ ಒಂದೇ ಅಲ್ಲ. ಮೊದಲ ದಿನ ಸ್ಟ್ರೈಕರ್ ಮುಟ್ಟದೆ ಪಕ್ಕದಲ್ಲಿ ಕುಳಿತು ನೋಡಿ. ಬೋರ್ಡ್ ಮುಗಿದ ಮೇಲೆ ಗೆದ್ದವರು ಸೋತವರಿಗೆ ಅದೇ ಕಾಯಿಗಳನ್ನು ಅದೇ ಜಾಗದಲ್ಲಿಟ್ಟು, ಎಲ್ಲಿ ತಪ್ಪಿತೆಂದು ತೋರಿಸಿಕೊಡುತ್ತಿದ್ದರೆ ಮರುದಿನವೇ ಅಲ್ಲಿ ಸೇರಿಕೊಳ್ಳಿ.