‘ಆ ಸಂಗೀತವನ್ನು ಹೇಗೆ ಸಹಿಸಿಕೊಳ್ಳುತ್ತೀರಿ?’: ‘ಲೇಡಿಹಾಕ್’ ಕುರಿತು ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನನಗೆ ಅಚ್ಚುಮೆಚ್ಚಿನ ಚಿತ್ರಗಳ ಮಾತು ಬಂದಾಗಲೆಲ್ಲ ನಾನು 1985ರಲ್ಲಿ ತೆರೆಕಂಡ ‘ಲೇಡಿಹಾಕ್’ ಹೆಸರನ್ನು ಹೇಳುತ್ತೇನೆ. ಅದನ್ನು ನೋಡಿರುವವರು ಒಡನೆಯೇ ಕೇಳುವ ಪ್ರಶ್ನೆ ಬಹುತೇಕ ಒಂದೇ: ‘ಕಥೆ ಚೆನ್ನಾಗಿದೆ, ಒಪ್ಪೋಣ, ಆದರೆ ಆ ಹಿನ್ನೆಲೆ ಸಂಗೀತವನ್ನು ಹೇಗೆ ಸಹಿಸಿಕೊಳ್ಳುತ್ತೀರಿ?’ ಇದು ಉಡಾಫೆಯ ಪ್ರಶ್ನೆಯಲ್ಲ. ಚಿತ್ರ ಬಂದಂದಿನಿಂದ ಪ್ರೇಕ್ಷಕರು ಅದರ ಬಗ್ಗೆ ಎರಡು ಪಾಲಾಗಿರುವುದು ಬಹುಮಟ್ಟಿಗೆ ಈ ಸಂಗೀತದ ಕಾರಣಕ್ಕಾಗಿಯೇ, ಮತ್ತು ಆಕ್ಷೇಪಿಸುವವರ ಕಿವಿ ತಪ್ಪು ಕೇಳಿಸಿಕೊಂಡಿದೆ ಎಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಹಾಗಾಗಿ ಇದಕ್ಕೆ ಒಂದು ಮಾತಿನ ಉತ್ತರ ಕೊಟ್ಟು ಮುಗಿಸಲು ಆಗುವುದಿಲ್ಲ.

ಚಿತ್ರವನ್ನು ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಮಧ್ಯಯುಗದ ಅಕ್ವಿಲಾ ಎಂಬ ಊರಿನ ಬಿಷಪ್ ಇಸಬೋ ಎಂಬ ಹೆಣ್ಣನ್ನು ಬಯಸುತ್ತಾನೆ. ಅವಳಾದರೋ ಅವನ ಕಾವಲುಪಡೆಯ ನಾಯಕ ನವಾರ್‌ನನ್ನು ಪ್ರೀತಿಸಿದ್ದಾಳೆ. ಅವರ ಗುಟ್ಟನ್ನು ಬಲ್ಲ ಇಂಪೀರಿಯಸ್ ಎಂಬ ಪಾದ್ರಿ ಕುಡಿದ ಅಮಲಿನಲ್ಲಿ ಅದನ್ನು ಬಿಷಪ್‌ನ ಮುಂದೆ ಬಾಯಿಬಿಡುತ್ತಾನೆ. ತನಗೆ ದಕ್ಕದವಳು ಬೇರೆ ಯಾರಿಗೂ ದಕ್ಕಬಾರದೆಂದು ಬಿಷಪ್ ದುಷ್ಟಶಕ್ತಿಗಳ ನೆರವಿನಿಂದ ಒಂದು ಶಾಪವನ್ನು ತರುತ್ತಾನೆ. ಅಂದಿನಿಂದ ಹಗಲೆಲ್ಲ ಇಸಬೋ ಗಿಡುಗವಾಗಿ ನವಾರ್‌ನ ತೋಳಿನ ಮೇಲೆ ಕುಳಿತಿರುತ್ತಾಳೆ, ಇರುಳೆಲ್ಲ ನವಾರ್ ತೋಳವಾಗಿ ಇಸಬೋಳ ಸುತ್ತ ಸುಳಿದಾಡುತ್ತಿರುತ್ತಾನೆ. ಇಬ್ಬರೂ ಒಂದೇ ದಾರಿಯಲ್ಲಿ ಸಾಗುತ್ತಾರೆ, ಆದರೆ ಒಬ್ಬರಿಗೊಬ್ಬರು ಮನುಷ್ಯರಾಗಿ ಎದುರಾಗುವುದಿಲ್ಲ. ಅಕ್ವಿಲಾದ ಸೆರೆಮನೆಯಿಂದ ಚರಂಡಿಯ ಮೂಲಕ ನುಸುಳಿ ಪಾರಾದ ಫಿಲಿಪ್ ಎಂಬ ಕಿರಿಯ ವಯಸ್ಸಿನ ಕಳ್ಳ ಇವರ ನಡುವೆ ಬಂದು ಸೇರಿಕೊಳ್ಳುತ್ತಾನೆ.

ಸಂಗೀತದ ವಿಷಯಕ್ಕೆ ಬರುತ್ತೇನೆ. ಅದನ್ನು ರಚಿಸಿದವರು ಆಂಡ್ರ್ಯೂ ಪೊವೆಲ್, ಅದರ ನಿರ್ಮಾಣದ ಹೊಣೆ ಹೊತ್ತವರು ರಾಕ್ ಸಂಗೀತದ ಅಲನ್ ಪಾರ್ಸನ್ಸ್. ನಿರ್ದೇಶಕ ರಿಚರ್ಡ್ ಡಾನರ್ ಚಿತ್ರೀಕರಣಕ್ಕೆ ಜಾಗ ಹುಡುಕುತ್ತ ಅಲೆಯುತ್ತಿದ್ದಾಗ ಪಾರ್ಸನ್ಸ್ ತಂಡದ ಹಾಡುಗಳನ್ನೇ ಕೇಳುತ್ತಿದ್ದರಂತೆ. ಕಡೆಕಡೆಗೆ ಆ ಬೆಟ್ಟ ಕಣಿವೆಗಳನ್ನು ಆ ಸಂಗೀತವಿಲ್ಲದೆ ಕಲ್ಪಿಸಿಕೊಳ್ಳುವುದೇ ಅವರಿಗೆ ಕಷ್ಟವಾಯಿತು. ಹೀಗಾಗಿ ಕೋಟೆಕೊತ್ತಲಗಳ ಚಿತ್ರಕ್ಕೆ ಸಿಂಥಸೈಜರ್, ಎಲೆಕ್ಟ್ರಿಕ್ ಗಿಟಾರ್, ಡ್ರಮ್‌ಗಳ ಸಂಗೀತ ಬಂದು ಸೇರಿತು. ಅದರ ಜೊತೆಗೇ ದೊಡ್ಡ ವಾದ್ಯವೃಂದವೂ ಚರ್ಚಿನ ಪಠಣವನ್ನು ನೆನಪಿಸುವ ಗಾಯನವೂ ಇವೆ ಎಂಬುದನ್ನು ಆಕ್ಷೇಪಿಸುವವರು ಸಾಮಾನ್ಯವಾಗಿ ಮರೆಯುತ್ತಾರೆ, ಏಕೆಂದರೆ ಡ್ರಮ್‌ನ ಪೆಟ್ಟು ಮಿಕ್ಕೆಲ್ಲವನ್ನೂ ನೆನಪಿನಿಂದ ಅಳಿಸಿಬಿಡುತ್ತದೆ.

ಮೆಚ್ಚುವವರ ವಾದವೂ ಹುರುಳಿಲ್ಲದ್ದಲ್ಲ. ಚಲನಚಿತ್ರಗಳಲ್ಲಿ ನಾವು ‘ಮಧ್ಯಯುಗದ ಸಂಗೀತ’ ಎಂದು ಒಪ್ಪಿಕೊಂಡಿರುವುದು ಹೆಚ್ಚಿನ ಪಾಲು 19ನೆಯ ಶತಮಾನದ ವಾದ್ಯವೃಂದದ ಶೈಲಿಯನ್ನು. ನೂರಾರು ವರ್ಷಗಳ ಅಂತರ ಅಲ್ಲಿಯೂ ಇದೆ, ಅಭ್ಯಾಸಬಲದಿಂದ ಅದು ನಮಗೆ ಕೇಳಿಸುವುದಿಲ್ಲ ಅಷ್ಟೇ ಎಂದು ಅವರು ಹೇಳುತ್ತಾರೆ. ಈ ತರ್ಕವನ್ನು ನಾನು ಒಪ್ಪುತ್ತೇನೆ, ಆದರೆ ಅದರಿಂದ ಬರುವ ತೀರ್ಮಾನವನ್ನು ಒಪ್ಪುವುದಿಲ್ಲ. ಆ ಸಂಗೀತದ ದೋಷ ಅದು ಹೊಸ ಕಾಲದ್ದು ಎಂಬುದಲ್ಲ, ಅದು ಅವಸರದ್ದು ಎಂಬುದು. ಕುದುರೆ ಓಡುವಾಗ, ಕತ್ತಿ ಝಳಪಿಸುವಾಗ, ಫಿಲಿಪ್ ತಪ್ಪಿಸಿಕೊಳ್ಳುವಾಗ ಅದು ಮುಂದೆ ನುಗ್ಗಿ, ‘ಇದು ಸಾಹಸದ ಚಿತ್ರ, ಉತ್ಸಾಹದಿಂದ ನೋಡಿ’ ಎಂದು ಪ್ರೇಕ್ಷಕನನ್ನು ಅವಸರಪಡಿಸುತ್ತದೆ. ಕಾಯುವಿಕೆಯೇ ಉಸಿರಾಗಿರುವ ಕಥೆಗೆ ಈ ಅವಸರ ಒಗ್ಗುವುದಿಲ್ಲ. ಹಾಗಾಗಿ, ಸಂಗೀತವನ್ನು ಹೇಗೆ ಸಹಿಸಿಕೊಳ್ಳುತ್ತೀರಿ ಎಂಬ ಪ್ರಶ್ನೆಗೆ ನನ್ನ ಉತ್ತರದ ಮೊದಲರ್ಧ ಇದು: ಬೆನ್ನಟ್ಟುವಿಕೆಯ ದೃಶ್ಯಗಳಲ್ಲಿ ನಾನೂ ಸಹಿಸಿಕೊಳ್ಳುತ್ತೇನೆ, ಅಷ್ಟೇ. ಪ್ರೇಮಿಗಳಿಬ್ಬರ ದೃಶ್ಯಗಳಲ್ಲಿ ಸಹಿಸಿಕೊಳ್ಳುವ ಅಗತ್ಯ ಬೀಳುವುದಿಲ್ಲ, ಏಕೆಂದರೆ ಅಲ್ಲಿ ಡ್ರಮ್ ಹಿಂದೆ ಸರಿದು ವಾದ್ಯವೃಂದ ಮುಂದೆ ಬರುತ್ತದೆ.

ಉಳಿದ ಆಕ್ಷೇಪಗಳು ನನಗೆ ಇಷ್ಟು ತೂಕದವಾಗಿ ಕಾಣುವುದಿಲ್ಲ. ಫಿಲಿಪ್ ಪಾತ್ರದ ಮ್ಯಾಥ್ಯೂ ಬ್ರಾಡ್ರಿಕ್ ಅವರ ಉಚ್ಚಾರಣೆ ಆ ಕಾಲಕ್ಕೆ ಹೊಂದುವುದಿಲ್ಲ ಎನ್ನುತ್ತಾರೆ. ನಿಜ, ಆದರೆ ಕಟ್ಟುಕಥೆಯ ನಾಡಿನಲ್ಲಿ ಸರಿಯಾದ ಉಚ್ಚಾರಣೆ ಯಾವುದೆಂದು ನಿರ್ಧರಿಸುವವರು ಯಾರು? ಬಿಷಪ್‌ನ ದುಷ್ಟತನಕ್ಕೆ ಆಳವಿಲ್ಲ ಎನ್ನುವವರಿಗೆ ಜಾನ್ ವುಡ್ ಅವರ ತಣ್ಣಗಿನ ಮುಖವನ್ನು ಇನ್ನೊಮ್ಮೆ ನೋಡಿ ಎನ್ನುತ್ತೇನೆ. ಕಡೆಯಲ್ಲಿ ಚರ್ಚಿನೊಳಗೆ ಕುದುರೆಗಳ ಮೇಲೆ ನಡೆಯುವ ಕಾದಾಟ ಅಗತ್ಯಕ್ಕಿಂತ ಉದ್ದವಾಯಿತು ಎಂಬ ದೂರು ಮಾತ್ರ ಸರಿಯಾದದ್ದು. ಇಸಬೋ ಬರೀ ಕಾಯುವ ಹೆಣ್ಣು, ಅವಳಿಗೆ ಸ್ವಂತ ನಡೆಯೇ ಇಲ್ಲ ಎಂಬ ಅಭಿಪ್ರಾಯ ಈಚೆಗೆ ಹೆಚ್ಚು ಕೇಳಿಬರುತ್ತಿದೆ. ಮಿಶೆಲ್ ಫೈಫರ್ ಅವರಿಗೆ ಸಿಕ್ಕಿರುವ ತೆರೆಯ ಸಮಯ ಕಡಿಮೆಯೆಂಬುದು ದಿಟ. ಹಗಲಿನ ಕಥೆಯಲ್ಲಿ ಅವಳಿಗೆ ಮನುಷ್ಯರೂಪವೇ ಇಲ್ಲದ ಮೇಲೆ ಅದು ಹಾಗಾಗಲೇಬೇಕು. ಆದರೆ ತೋಳಗಳ ಬೇಟೆಗಾರನನ್ನು ಇರುಳಿನಲ್ಲಿ ಒಬ್ಬಳೇ ಬೆನ್ನಟ್ಟುವವಳೂ, ಹೆಪ್ಪುಗಟ್ಟಿದ ನೀರಿನ ಮೇಲ್ಪದರ ಒಡೆದು ತೋಳ ಮುಳುಗುತ್ತಿರುವಾಗ ಹಿಂದೆಗೆಯದವಳೂ ಅವಳೇ. ಗಿಡುಗಗಳೂ ತೋಳಗಳೂ ಬಾಳಿನುದ್ದಕ್ಕೂ ಒಂದೇ ಜೊತೆಯೊಡನೆ ಇರುತ್ತವೆ, ತಮಗೆ ಬಿಷಪ್ ಅಷ್ಟನ್ನೂ ಉಳಿಸಲಿಲ್ಲ ಎಂದು ಅವಳು ಫಿಲಿಪ್‌ನೊಡನೆ ಹೇಳಿಕೊಳ್ಳುವಾಗ ಅವಳ ದನಿಯಲ್ಲಿ ಅಳುವಿಲ್ಲ, ಲೆಕ್ಕ ತಿಳಿದವರ ನೋವಿದೆ.

ನನ್ನ ಉತ್ತರದ ಎರಡನೆಯ ಅರ್ಧ ಫಿಲಿಪ್‌ನಲ್ಲಿದೆ. ಈ ಚಿತ್ರವನ್ನು ಮೆಚ್ಚುವವರು ಸಾಮಾನ್ಯವಾಗಿ ನವಾರ್ ಮತ್ತು ಇಸಬೋರ ಬಗ್ಗೆ ಮಾತನಾಡುತ್ತಾರೆ. ಮೆಚ್ಚದವರು ಫಿಲಿಪ್‌ನನ್ನು ನಗಿಸಲು ತಂದ ಪಾತ್ರವೆಂದು ಬದಿಗಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಚಿತ್ರ ನಿಂತಿರುವುದೇ ಅವನ ಮೇಲೆ. ಅಗಲಿದ ಪ್ರೇಮಿಗಳ ಕಥೆ ನಮಗೆ ಹೊಸದಲ್ಲ. ಇರುಳಾದೊಡನೆ ಒಂದರಿಂದೊಂದು ಅಗಲಲೇಬೇಕಾದ ಜಕ್ಕವಕ್ಕಿಗಳು ನಮ್ಮ ಹಳೆಯ ಕಾವ್ಯಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೊಳದ ಎರಡು ದಡಗಳಲ್ಲಿ ಕುಳಿತು ಅವು ಒಂದನ್ನೊಂದು ಕೂಗಿ ಕರೆಯಬಲ್ಲವು, ಬೆಳಗಾದರೆ ಸೇರಬಲ್ಲವು. ನವಾರ್ ಮತ್ತು ಇಸಬೋರಿಗೆ ಆ ಕೂಗೂ ಇಲ್ಲ, ಬೆಳಗಿನ ಕೂಡುವಿಕೆಯೂ ಇಲ್ಲ. ಒಬ್ಬರ ಮಾತು ಇನ್ನೊಬ್ಬರನ್ನು ತಲುಪಬೇಕಾದರೆ ಹಗಲನ್ನೂ ಇರುಳನ್ನೂ ಮನುಷ್ಯನಾಗಿಯೇ ಕಾಣುವ ಮೂರನೆಯವನೊಬ್ಬ ಬೇಕು, ಮತ್ತು ಹಾಗೆ ಸಿಕ್ಕವನು ಸುಳ್ಳು ಹೇಳುವುದನ್ನೇ ಬದುಕಾಗಿಸಿಕೊಂಡಿರುವ ಒಬ್ಬ ಕಳ್ಳ.

ಫಿಲಿಪ್ ಇಲ್ಲಿಯೂ ಸುಳ್ಳನ್ನೇ ಹೇಳುತ್ತಾನೆ. ನವಾರ್ ಮಾತು ಕಡಿಮೆಯ, ಸಿಟ್ಟು ಹೆಚ್ಚಿನ ಮನುಷ್ಯ. ಅವನು ಆಡದ ಮೃದುವಾದ ಮಾತುಗಳನ್ನು ಅವನೇ ಆಡಿದನೆಂದು ಫಿಲಿಪ್ ರಾತ್ರಿ ಇಸಬೋಳಿಗೆ ಒಪ್ಪಿಸುತ್ತಾನೆ. ಅವನು ನಿಜಕ್ಕೂ ಹಾಗೆಂದನೇ ಎಂದು ಕೇಳುವ ಅವಳ ಮುಖವನ್ನು ಒಮ್ಮೆ ಗಮನಿಸಬೇಕು. ಅದುವರೆಗೆ ತನ್ನ ಕಳ್ಳತನಕ್ಕೂ ಕೈಗೂಡದ ವಾಗ್ದಾನಗಳಿಗೂ ದೇವರೊಡನೆ ಚೌಕಾಸಿ ನಡೆಸುತ್ತಿದ್ದವನು, ಇಲ್ಲಿ ಮೊದಲ ಬಾರಿಗೆ ತನಗೆ ಏನೂ ಸಿಗದ ಸುಳ್ಳೊಂದನ್ನು ಹೇಳುತ್ತಿದ್ದಾನೆ. ಆ ಸುಳ್ಳಿನಲ್ಲಿರುವ ಮಾತು ನವಾರ್‌ನ ಮನಸ್ಸಿನಲ್ಲಿದೆ ಎಂಬುದು ನಮಗೂ ಗೊತ್ತು, ಫಿಲಿಪ್‌ಗೂ ಗೊತ್ತು. ಹೇಳಲಾಗದವನ ಮಾತನ್ನು ಹೇಳಬಲ್ಲವನು ಹೇಳಿದ, ಅಷ್ಟೇ. ಪ್ರೇಮಕಥೆಗಳಲ್ಲಿ ಸಂದೇಶ ಒಯ್ಯುವವರನ್ನು ನಾನು ಬಹಳ ಕಂಡಿದ್ದೇನೆ, ಆದರೆ ಒಯ್ಯುವವನೇ ಸಂದೇಶವನ್ನು ಕಟ್ಟಿಕೊಟ್ಟು, ಅದರಿಂದಾಗಿ ತಾನೂ ಇನ್ನೊಬ್ಬ ಮನುಷ್ಯನಾಗುವುದನ್ನು ಇಷ್ಟು ಮನಮುಟ್ಟುವಂತೆ ತೋರಿಸಿದ ಚಿತ್ರ ನನಗೆ ಇನ್ನೊಂದು ಸಿಕ್ಕಿಲ್ಲ. ಹಿನ್ನೆಲೆಯ ಡ್ರಮ್ ಇದನ್ನು ಮುಟ್ಟಲಾರದು.

ಕಣ್ಣಿನ ಕೆಲಸವೂ ಈ ಚಿತ್ರದಲ್ಲಿ ಕಥೆಯದೇ ಭಾಗವಾಗಿದೆ. ಛಾಯಾಗ್ರಾಹಕ ವಿಟ್ಟೋರಿಯೊ ಸ್ಟೊರಾರೊ ಆ ಹೊತ್ತಿಗಾಗಲೇ ಎರಡು ಆಸ್ಕರ್‌ಗಳನ್ನು ಪಡೆದಿದ್ದವರು. ಸೂರ್ಯೋದಯ, ಸೂರ್ಯಾಸ್ತಗಳು ಇತರ ಪ್ರೇಮಚಿತ್ರಗಳಲ್ಲಿ ಅಲಂಕಾರವಾಗಿರುತ್ತವೆ. ಇಲ್ಲಿ ಅವು ಶಾಪದ ಗಡಿಯಾರ. ಬೆಟ್ಟದಂಚಿನಲ್ಲಿ ಬೆಳಕು ಕೆಂಪಾದೊಡನೆ ನಮಗೆ ಸೌಂದರ್ಯಕ್ಕಿಂತ ಮೊದಲು ಆತಂಕ ಹುಟ್ಟುತ್ತದೆ. ಬಹುಪಾಲು ಚಿತ್ರೀಕರಣ ಇಟಲಿಯಲ್ಲಿ ನಡೆಯಿತು. ಬಾಣ ತಾಗಿದ ಗಿಡುಗವನ್ನು ಫಿಲಿಪ್ ಹೊತ್ತೊಯ್ಯುವ, ಇಂಪೀರಿಯಸ್ ಪಶ್ಚಾತ್ತಾಪದಲ್ಲಿ ಒಂಟಿಯಾಗಿ ಬದುಕುವ ಪಾಳುಕೋಟೆ ಅಬ್ರುಝೊ ಪ್ರಾಂತ್ಯದ ರೊಕ್ಕಾ ಕಲಾಷೊ. ಸುಮಾರು 1,460 ಮೀಟರ್ ಎತ್ತರದಲ್ಲಿರುವ ಆ ಕೋಟೆ 1461ರ ಭೂಕಂಪದಲ್ಲಿ ಬಿರುಕುಬಿಟ್ಟದ್ದು. ತನ್ನ ನಾಲಗೆಯಿಂದ ಎರಡು ಬಾಳುಗಳನ್ನು ಒಡೆದವನಿಗೆ ಇರಲು ಅದಕ್ಕಿಂತ ತಕ್ಕ ಜಾಗ ಯಾವುದಿದ್ದೀತು ಎಂದು ಲಿಯೋ ಮೆಕರ್ನ್ ಅವರನ್ನು ಆ ಕಲ್ಲುಗಳ ನಡುವೆ ನೋಡಿದಾಗಲೆಲ್ಲ ನನಗೆ ಅನ್ನಿಸುತ್ತದೆ.

ಶಾಪ ಮುರಿಯುವ ಬಗೆಯನ್ನು ಕುರಿತೂ ಪ್ರೇಕ್ಷಕರಲ್ಲಿ ತಕರಾರಿದೆ. ಇರುಳಿಲ್ಲದ ಹಗಲು, ಹಗಲಿಲ್ಲದ ಇರುಳು ಒದಗಿದ ದಿನ ಇಬ್ಬರೂ ಮನುಷ್ಯರಾಗಿ ಬಿಷಪ್‌ನ ಎದುರು ನಿಂತರೆ ಶಾಪ ಕಳಚುತ್ತದೆ ಎಂದು ಇಂಪೀರಿಯಸ್ ಕಂಡುಕೊಳ್ಳುತ್ತಾನೆ, ಮತ್ತು ಅದು ಸೂರ್ಯಗ್ರಹಣವಾಗಿ ಒದಗುತ್ತದೆ. ಪೂರ್ಣಗ್ರಹಣದ ಕತ್ತಲೆ ಹೆಚ್ಚೆಂದರೆ ಏಳೂವರೆ ನಿಮಿಷ ಇರುತ್ತದೆ, ಅಷ್ಟರಲ್ಲಿ ಇದೆಲ್ಲ ನಡೆಯುವುದುಂಟೇ ಎಂದು ಗಡಿಯಾರ ಹಿಡಿದು ಕೇಳುವವರಿದ್ದಾರೆ. ನನಗೆ ಆ ಗ್ರಹಣ ಸಾಕಷ್ಟು ನ್ಯಾಯವಾಗಿಯೇ ಕಂಡಿದೆ. ಸೂರ್ಯನ ಚಲನೆಯಿಂದ ಕಟ್ಟಿದ ಶಾಪವನ್ನು ಸೂರ್ಯನ ಚಲನೆಯಿಂದಲೇ ಬಿಡಿಸುವುದು ಕಥೆಯೊಳಗಿನ ನಿಯಮಕ್ಕೆ ನಿಷ್ಠವಾದ ಪರಿಹಾರ. ಹೊರಗಿನಿಂದ ಯಾವ ಪವಾಡವನ್ನೂ ಎರವಲು ತಂದಿಲ್ಲ.

ಬಿಡುಗಡೆಯಾದಾಗ ಈ ಚಿತ್ರ ಗೆಲ್ಲಲಿಲ್ಲ. ಸುಮಾರು 2 ಕೋಟಿ ಡಾಲರ್ ವೆಚ್ಚದ ಚಿತ್ರ ಅಮೆರಿಕದ ಚಿತ್ರಮಂದಿರಗಳಲ್ಲಿ ಅಷ್ಟನ್ನೂ ಗಳಿಸಲಿಲ್ಲ. ಧ್ವನಿ ಮತ್ತು ಧ್ವನಿ ಸಂಕಲನ ವಿಭಾಗಗಳಲ್ಲಿ ಆಸ್ಕರ್‌ಗೆ ನಾಮನಿರ್ದೇಶನ ಪಡೆದು ಬರಿಗೈಲಿ ಹಿಂತಿರುಗಿತು. ಅದನ್ನು ಉಳಿಸಿಕೊಂಡವರು ಮನೆಯಲ್ಲಿ ಕುಳಿತು ಮತ್ತೆ ಮತ್ತೆ ನೋಡಿದವರು.

ಈಗಲೂ ಸಂಗೀತದ ಕಾರಣಕ್ಕೆ ನಡುವೆಯೇ ನಿಲ್ಲಿಸಿಬಿಟ್ಟೆವು ಎನ್ನುವವರಿಗೆ ನಾನು ಒಂದೇ ಕೋರಿಕೆ ಸಲ್ಲಿಸುತ್ತೇನೆ: ಹಿಮ ಬಿದ್ದ ಆ ಮುಂಜಾವಿನವರೆಗೆ ನೋಡಿ. ರಾತ್ರಿಯೆಲ್ಲ ತೋಳದ ಬಳಿ ಕಳೆದ ಇಸಬೋ ಮತ್ತು ಈಗಷ್ಟೇ ಮನುಷ್ಯನಾಗುತ್ತಿರುವ ನವಾರ್, ಬೆಳಕು ಅವರಿಬ್ಬರನ್ನೂ ತಲುಪುವ ಆ ಒಂದು ಕ್ಷಣದಲ್ಲಿ, ಒಬ್ಬರನ್ನೊಬ್ಬರು ಕಾಣುತ್ತಾರೆ. ಅವನು ಕೈ ಚಾಚುತ್ತಾನೆ. ಬೆರಳುಗಳು ಮುಟ್ಟುವ ಮುನ್ನ ಅವಳ ಮುಖ ಬದಲಾಗತೊಡಗುತ್ತದೆ, ರೆಕ್ಕೆ ಬಡಿಯುತ್ತದೆ, ಅವನ ಕೈ ಗಾಳಿಯಲ್ಲಿ ಹಾಗೆಯೇ ಉಳಿಯುತ್ತದೆ.