ಅಬ್ಬಾಗೆ ಏನು ಹೇಳಬೇಕು?

ರಾಯಚೂರಿನ ಒಂದು ಪಿಯು ಕಾಲೇಜಿನವರು ಫೋನ್ ಮಾಡಿದ್ದರು. ಓದುವವರಲ್ಲಿ ಮುಸ್ಲಿಂ ಹುಡುಗಿಯರೇ ಜಾಸ್ತಿ. ‘ಇಂಜಿನಿಯರಿಂಗ್ ಕಡೆ ಯಾರೂ ಬರ್ತಿಲ್ಲ ಮೇಡಂ, ಸ್ವಲ್ಪ ಸ್ಫೂರ್ತಿ ತುಂಬಿ’ ಅಂದರು. ನಾನು ಎಲೆಕ್ಟ್ರಿಕಲ್ ಇಂಜಿನಿಯರ್, ಮುಸ್ಲಿಂ ಹೆಂಗಸು. ಹಾಗಾಗಿ ಇಂಥ ಕರೆಗಳು ಬರುತ್ತಲೇ ಇರುತ್ತವೆ. ಆದರೆ ‘ಕನಸು ಕಾಣಿ, ಗುರಿ ಮುಟ್ಟಿ’ ಅಂತ ಹೇಳಿ ಶಾಲು ಹೊದಿಸಿಕೊಂಡು ಬರುವುದು ನನಗೆ ಆಗದ ಕೆಲಸ. ಸಂಜೆ ಆ ಹುಡುಗಿ ಮನೆಗೆ ಹೋಗಿ ಅಬ್ಬಾಗೆ ಏನು ಹೇಳಬೇಕು? ಭಾಷಣ ಬೇಡ, ಒಂದು ಪಾಠ ಮಾಡ್ತೀನಿ ಅಂದೆ.

ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ ನೋಡಿದವರು ಕೈ ಎತ್ತಿ ಅಂದೆ. ಎಲ್ಲರೂ ಎತ್ತಿದರು. ಹೈದರಾಬಾದ್ ರಸ್ತೆಯಲ್ಲಿ ಹೋದವರಿಗೆ ಅದು ಕಾಣದೆ ಇರುವುದಿಲ್ಲ. ಒಳಗೆ ಏನು ನಡೆಯುತ್ತೆ ಅಂತ ಕೇಳಿದರೆ ‘ಕಲ್ಲಿದ್ದಲು ಸುಡ್ತಾರೆ’ ಅನ್ನುವಷ್ಟೇ ಗೊತ್ತು. ಬೋರ್ಡ್ ಮೇಲೆ ಬರೆಯುತ್ತಾ ಹೋದೆ. ಕಲ್ಲಿದ್ದಲನ್ನು ಪೌಡರ್ ಥರ ನುಣ್ಣಗೆ ಅರೆದು ಬಾಯ್ಲರಿಗೆ ಊದುತ್ತಾರೆ. ನೀರು ಉಗಿಯಾಗುತ್ತದೆ, ಉಗಿ ಟರ್ಬೈನ್ ತಿರುಗಿಸುತ್ತದೆ, ಅದರ ಶಾಫ್ಟಿಗೆ ಜನರೇಟರ್ ಜೋಡಿಸಿರುತ್ತಾರೆ. 210 ಮೆಗಾವ್ಯಾಟಿನ ಯೂನಿಟ್ ಏಳು, 250ರದ್ದು ಒಂದು. ‘1720’ ಅಂತ ನಾನು ಕೇಳುವ ಮೊದಲೇ ಮುಂದಿನ ಬೆಂಚಿನಿಂದ ಉತ್ತರ ಬಂತು. ಟರ್ಬೈನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತೆ ಅಂತ ಬರೆದು ಸುಮ್ನೆ ನಿಂತೆ. ಹಿಂದಿನ ಸಾಲಿನ ಒಬ್ಬಳು ತುಟಿಯಲ್ಲೇ ಲೆಕ್ಕ ಹಾಕುತ್ತಿದ್ದಳು. ‘ಸೆಕೆಂಡಿಗೆ 50 ಆಯ್ತಲ್ರೀ ಮೇಡಂ. ಮನಿಯಾಗಿನ ಕರೆಂಟ್ 50 ಹರ್ಟ್ಜ್ ಅಂತಾರಲ್ಲ, ಅದು ಇದೇ ಏನ್ರೀ?’

ಅದೇ. ಜನರೇಟರಿನಲ್ಲಿ ತಿರುಗುವ ಅಯಸ್ಕಾಂತಕ್ಕೆ ಎರಡು ಧ್ರುವ ಇದ್ದರೆ ಒಂದು ಸುತ್ತಿಗೆ ಕರೆಂಟಿನ ಒಂದು ಆವರ್ತ, ಸೆಕೆಂಡಿಗೆ ಎಷ್ಟು ಆವರ್ತವೋ ಅಷ್ಟು ಹರ್ಟ್ಜ್. ತಂತಿ ಸುರುಳಿಯ ಹತ್ತಿರ ಅಯಸ್ಕಾಂತ ತಿರುಗಿದರೆ ಕರೆಂಟ್ ಹುಟ್ಟುತ್ತೆ ಅನ್ನುವ ಫ್ಯಾರಡೆ ನಿಯಮವನ್ನು ಪಿಯು ಫಿಸಿಕ್ಸ್ ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದಾರೆ. ಅದು ತಮ್ಮ ಜಿಲ್ಲೆಯಲ್ಲೇ, ಕೃಷ್ಣಾ ದಂಡೆಯಲ್ಲೇ ತಿರುಗುತ್ತಿದೆ ಅಂತ ಯಾರೂ ಹೇಳಿರಲಿಲ್ಲ. ಇಂಥ ತಲೆಗೆ ಸ್ಫೂರ್ತಿ ಕಡಿಮೆ ಇದೆ ಅಂತ ಯಾರು ಹೇಳಿದರೋ!

ಆಮೇಲೆ ನಿಜವಾದ ಪ್ರಶ್ನೆಗಳು ಶುರುವಾದವು. ‘ಆಪಾ, ಬುರ್ಖಾ ಹಾಕ್ಕೊಂಡು ಒಳಗ ಬಿಡ್ತಾರೇನ್ರೀ?’ ಮೇಡಂ ಹೋಗಿ ಆಪಾ, ಅಂದರೆ ಅಕ್ಕ, ಆಗಿದ್ದೆ. 2022ರ ಹಿಜಾಬ್ ಗಲಾಟೆಯ ಹೊತ್ತಿಗೆ ಇವರೆಲ್ಲ ಶಾಲೆಯಲ್ಲಿದ್ದವರು. ಈ ಪ್ರಶ್ನೆ ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇದ್ದದ್ದನ್ನೇ ಹೇಳಿದೆ. ತಿರುಗುವ ಮೆಷಿನ್ ಹತ್ತಿರ ಸಡಿಲ ಬಟ್ಟೆ ಯಾರಿಗೂ ಸಲ್ಲ, ಸೀರೆ ಸೆರಗೂ ಅಪಾಯ, ದುಪಟ್ಟಾವೂ ಅಪಾಯ. ನಾನು ಉದ್ದ ತೋಳಿನ ಕೋಟು ಹಾಕುತ್ತೇನೆ, ಸ್ಕಾರ್ಫ್ ಬಿಗಿಯಾಗಿ ಕಟ್ಟಿ ಮೇಲೆ ಹೆಲ್ಮೆಟ್ ಇಡುತ್ತೇನೆ. ನನಗೆ ಕಷ್ಟ ಆಗಿದ್ದು ಬಟ್ಟೆಯಿಂದಲ್ಲ. ಮೊದಲು ಸೇರಿದ ಕಡೆ ಹೆಂಗಸರಿಗೆ ಟಾಯ್ಲೆಟ್ಟೇ ಇರಲಿಲ್ಲ. ಶಿಫ್ಟ್ ಇದ್ದ ದಿನ ನೀರು ಕುಡಿಯುತ್ತಿರಲಿಲ್ಲ. ಇದನ್ನೂ ಹೇಳಿದೆ. ಟೀಚರಿಗೆ ಸ್ವಲ್ಪ ಮುಜುಗರ ಆಯ್ತು ಅನ್ಸುತ್ತೆ.

50 ಹರ್ಟ್ಜ್ ಹುಡುಗಿಯ ತಂದೆ ಗೇಟಿನ ಹತ್ತಿರ ಕಾಯುತ್ತಿದ್ದರು. ವೆಲ್ಡಿಂಗ್ ಕೆಲಸದವರು. ಮಗಳು ನನ್ನನ್ನು ಅವರ ಮುಂದೆ ನಿಲ್ಲಿಸಿ ತಾನು ಸರಿದು ನಿಂತಳು. ‘ಖರ್ಚು ಎಷ್ಟಾಗ್ತದ್ರೀ?’ ಮೊದಲ ಪ್ರಶ್ನೆಯೇ ಅದು. ಬೈಕಿನ ಸೀಟಿನ ಮೇಲೆ ಹಾಳೆ ಇಟ್ಟು ಬರೆದುಕೊಟ್ಟೆ. ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಪ್ರವರ್ಗ 2ಬಿ, ಅಂದರೆ ಮುಸ್ಲಿಮರ ಮೀಸಲಾತಿ. ಅದಕ್ಕೆ ನಾಡಕಚೇರಿಯಲ್ಲಿ ಜಾತಿ-ಆದಾಯ ಪ್ರಮಾಣಪತ್ರ. ರಾಯಚೂರಿನವರಾದ್ದರಿಂದ ಕಲ್ಯಾಣ ಕರ್ನಾಟಕದ ಮೀಸಲಾತಿಗೆ 371ಜೆ ಪ್ರಮಾಣಪತ್ರ, ಅದು ಸಹಾಯಕ ಆಯುಕ್ತರ ಕಚೇರಿಯಲ್ಲಿ. ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಸಿಕ್ಕರೆ ವರ್ಷಕ್ಕೆ 50,000 ರೂಪಾಯಿ, ಹೆಣ್ಣುಮಕ್ಕಳಿಗೆ ಮಾತ್ರ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಇದೆ, ಓದು ಮುಗಿದ ಮೇಲೆ ಕಂತಿನಲ್ಲಿ ತೀರಿಸಬೇಕು. ಯರಮರಸ್ಸಿನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ, ಸರ್ಕಾರಿ ಬಸ್ಸಿನಲ್ಲಿ ಹೋದರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲ. ‘ಚಿಕ್ಕವಳು ಹತ್ತನೇ ಕ್ಲಾಸ್’ ಅಂದರು. ಅವಳಿಗೆ ಇನ್ನೊಂದು ದಾರಿ ಬರೆದೆ. ಮೂರು ವರ್ಷ ಡಿಪ್ಲೊಮಾ, ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇ. ನಾನು ಬಂದದ್ದೂ ಹಾಗೆಯೇ.

ಹಾಳೆ ಮಡಚಿ ಜೇಬಿಗಿಟ್ಟರು. ‘ಇಷ್ಟು ಓದಿಸಿದ್ರ ನಿಕಾಹ್‌ಗೆ ಅಷ್ಟೇ ಓದಿದ ಹುಡುಗನ್ನ ಎಲ್ಲಿಂದ ತರ್ಲಿ?’ ಇದಕ್ಕೆ ಯಾವ ಯೋಜನೆಯೂ ಇಲ್ಲ! ನನ್ನ ಮದುವೆಯೂ ತಡವಾಯಿತು ಅಂದೆ. ನಮ್ಮ ಜಾತಿ, ನಿಮ್ಮ ಜಾತಿ ಅಂತಲ್ಲ, ಎಲ್ಲ ಕಡೆಯೂ ಇದೇ ಕಥೆ. ನಮ್ಮ ದೇಶದ ಮೊದಲ ಮಹಿಳಾ ಎಲೆಕ್ಟ್ರಿಕಲ್ ಇಂಜಿನಿಯರ್ ಎ. ಲಲಿತಾ. 15ಕ್ಕೆ ಮದುವೆ, 18ಕ್ಕೆ ಗಂಡ ತೀರಿಕೊಂಡರು, ಕೈಯಲ್ಲಿ ಹಸುಗೂಸು. ತಂದೆ ಮದ್ರಾಸಿನ ಗಿಂಡಿ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಪ್ರಿನ್ಸಿಪಾಲರ ಹತ್ತಿರ ಮಾತಾಡಿ ಮಗಳಿಗೆ ಅಲ್ಲೇ ಸೀಟು ಕೊಡಿಸಿದರು. 1943ರಲ್ಲಿ ಅವರ ಓದು ಮುಗಿಯಿತು. ಈ ಕಥೆ ಹೇಳಿದ ಮೇಲೂ ಹುಡುಗಿಯ ತಂದೆಯೇನೂ ಒಪ್ಪಲಿಲ್ಲ. ‘ಮನಿಯಾಗ ಮಾತಾಡ್ತೀನ್ರೀ’ ಅಂದು ನನ್ನ ನಂಬರ್ ಬರೆದುಕೊಂಡರು.

ರಾತ್ರಿ ಫೋನ್ ಬಂತು, ಮಾಡಿದ್ದು ಹುಡುಗಿಯ ಅಮ್ಮಿ. ಬೇರೆ ಊರಲ್ಲಿ ಸೀಟಾದರೆ ಹಾಸ್ಟೆಲಿನಲ್ಲಿ ಊಟ ಏನು, ವಾರ್ಡನ್ ಹೆಂಗಸೇ ತಾನೇ, ರಂಜಾನಿನಲ್ಲಿ ಬೆಳಗಿನ ಜಾವದ ಸೆಹ್ರಿ ಊಟಕ್ಕೆ ಏನು ಮಾಡ್ತಾರೆ ಅಂತ ಒಂದೊಂದಾಗಿ ಕೇಳಿದರು. ಗಂಡನಿಗಿಂತ ಇವರ ಲೆಕ್ಕವೇ ಪಕ್ಕಾ. ಮಗಳನ್ನು ಕಳಿಸಲ್ಲ ಅನ್ನುವವರು ಸೆಹ್ರಿವರೆಗೆ ಯೋಚಿಸಲ್ಲ, ಅಲ್ವಾ?

ಕಾಲೇಜಿನವರು ಈ ವರ್ಷವೂ ಕರೆದಿದ್ದಾರೆ. ಭಾನುವಾರ ಇಟ್ಟುಕೊಳ್ಳಿ, ತಂದೆತಾಯಿಯನ್ನೂ ಕರೆಯಿರಿ ಅಂದಿದ್ದೇನೆ. ಬೇರೆ ದಿನ ಬಂದರೆ ಅವರ ಕೂಲಿ ಹೋಗುತ್ತೆ. ಅಷ್ಟು ಜನಕ್ಕೆ ಚಹಾ-ಬಿಸ್ಕತ್ತಿನ ಖರ್ಚು ಯಾರದು ಅಂತ ಇನ್ನೂ ತೀರ್ಮಾನ ಆಗಿಲ್ಲ.